ಮಂಡಿಯ ಮೇಲೊಂದು ಹೆಚ್ಚುವರಿ

ಮೈಯಲ್ಲಿ ಏನಾದರೂ ಕಡಿಮೆಯಿದ್ದರೆ ಜನ ಕನಿಕರ ತೋರಿಸುತ್ತಾರೆ. ಹೆಚ್ಚಿದ್ದರೆ ಸಲಹೆ ಕೊಡುತ್ತಾರೆ. ಎಡ ಮಂಡಿಗೆ ತುಸು ಮೇಲೆ, ಒಳಮಗ್ಗುಲಲ್ಲಿ, ಹೈಸ್ಕೂಲಿನ ಕಾಲದಿಂದ ಒಂದು ಮೂಳೆಗಂಟನ್ನು ಹೊತ್ತು ತಿರುಗುತ್ತಿರುವ ನನಗೆ ಸಿಕ್ಕ ಸಲಹೆಗಳನ್ನು ಒಟ್ಟು ಮಾಡಿದರೆ ಒಂದು ವೈದ್ಯಸಂಹಿತೆಯೇ ಆದೀತು. ಸೋದರತ್ತೆ ಸುಣ್ಣ-ಬೆಲ್ಲದ ಪಟ್ಟು ಹಾಕಿಸಿದರು. ದೊಡ್ಡಪ್ಪ ಹರಳೆಣ್ಣೆ ಬಿಸಿಮಾಡಿ ತಿಕ್ಕು ಎಂದರು. ಪುತ್ತೂರು ಕಟ್ಟು ಹಾಕಿಸಿದರೆ ಒಳಗೆ ಹೋಗಿಬಿಡುತ್ತದೆ ಎಂದವರೂ ಇದ್ದರು. ಮುರಿಯದ ಮೂಳೆಗೆ ಕಟ್ಟು ಯಾಕೆ ಎಂದು ಕೇಳುವ ವಯಸ್ಸು ನನ್ನದಾಗಿರಲಿಲ್ಲ. ಅಜ್ಜಿ ಮಾತ್ರ ಒಮ್ಮೆ ಮುಟ್ಟಿ ನೋಡಿ, "ಮೂಳೆ ಜಾಸ್ತಿ ತಾನೆ ಆಗಿರೋದು, ಕಮ್ಮಿ ಆಗಿಲ್ವಲ್ಲ, ಬಿಡ್ರೇ" ಎಂದು ಎಲೆಯಡಿಕೆ ತಟ್ಟೆಗೆ ಕೈಹಾಕಿದರು.

ಮೂಳೆ ಡಾಕ್ಟರು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ, ಫೀಸು ತಗೊಂಡು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ನೋವಿದೆಯೇನಪ್ಪಾ?" ಎಂದರು. "ಇಲ್ಲ ಸಾರ್." "ಹಾಗಾದ್ರೆ ಇರ್ಲಿ ಬಿಡು. ನಿನ್ನ ಜೊತೆ ಬೆಳೆಯುತ್ತೆ, ನೀನು ನಿಂತಾಗ ಅದೂ ನಿಲ್ಲುತ್ತೆ." ಆಸ್ಟಿಯೋಕಾಂಡ್ರೋಮಾ ಎಂಬ ಹೆಸರಿನ ಉದ್ದಕ್ಕೇ ಅಪ್ಪನ ಮುಖ ಬಿಳಿಚಿಕೊಂಡಿತ್ತು. ಕ್ಯಾನ್ಸರ್ ಅಲ್ಲ ಎಂದು ಡಾಕ್ಟರು ಮತ್ತೆ ಮತ್ತೆ ಹೇಳಿದ್ದರಿಂದ ಅವರ ಅನುಮಾನ ಇನ್ನಷ್ಟು ಬಲವಾಯಿತು.

ಈ ಗಂಟು ಮಂಡಿಯ ಆಸುಪಾಸನ್ನೇ ಹುಡುಕಿಕೊಂಡು ಬರುವುದಕ್ಕೆ ಕಾರಣವಿದೆ. ಮಕ್ಕಳ ಉದ್ದ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ ತೆಳು ಪದರವೊಂದಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದ. ಕಾಲಿನ ಬೆಳವಣಿಗೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂಡಿಯ ಮೇಲೆ, ಕೆಳಗೆ ಇರುವ ಇಂಥ ಪದರಗಳದೇ ದುಡಿಮೆ. ಗಾರೆ ಕೆಲಸದವರು ಭರದಿಂದ ಗೋಡೆ ಎತ್ತುವಾಗ ಒಂದು ಇಟ್ಟಿಗೆ ಸಾಲು ಬಿಟ್ಟು ಹೊರಕ್ಕೆ ಚಾಚಿಕೊಳ್ಳುವುದುಂಟಲ್ಲ, ಹಾಗೆ ಆ ಪದರದ ಒಂದು ಚೂರು ಪಕ್ಕಕ್ಕೆ ಸರಿದು ತನ್ನ ಪಾಡಿಗೆ ಅಡ್ಡಲಾಗಿ ಬೆಳೆಯುತ್ತದೆ. ಬೆಳೆಯುವಾಗಲೂ ಅದಕ್ಕೊಂದು ಮರ್ಯಾದೆಯಿದೆ: ಸಾಮಾನ್ಯವಾಗಿ ಕೀಲಿಗೆ ಬೆನ್ನು ತಿರುಗಿಸಿಯೇ ಬೆಳೆಯುತ್ತದೆ. ಅದರೊಳಗಿನ ಮಜ್ಜೆ ತೊಡೆಮೂಳೆಯ ಮಜ್ಜೆಯೊಂದಿಗೆ ಕೂಡಿಕೊಂಡಿರುತ್ತದೆ, ನಡುವೆ ಬೇಲಿಯಿಲ್ಲ. ತಲೆಯ ಮೇಲಿನ ಮೃದ್ವಸ್ಥಿಯ ಟೋಪಿ ಎಕ್ಸ್‌ರೇಗೆ ಕಾಣುವುದಿಲ್ಲವಾದ್ದರಿಂದ ಕೈಗೆ ಸಿಗುವ ಗಂಟು ಚಿತ್ರದಲ್ಲಿರುವುದಕ್ಕಿಂತ ದೊಡ್ಡದು. ಹದಿಹರೆಯ ಮುಗಿದು ಆ ಪದರಗಳು ಮುಚ್ಚಿಕೊಂಡಾಗ ಇದೂ ಅಂಗಡಿ ಮುಚ್ಚುತ್ತದೆ. ನನ್ನ ಎತ್ತರವೂ ನನ್ನ ಗಂಟೂ ಒಂದೇ ಕಾಲಕ್ಕೆ ನಿವೃತ್ತಿಯಾದವು.

ಮೂಳೆಯ ಮೇಲಿನ ಒಂದು ಉಬ್ಬು ಹಿಂದೊಮ್ಮೆ ದೊಡ್ಡ ದೊಡ್ಡ ಪಂಡಿತರನ್ನು ಜಗಳಕ್ಕೆ ಹಚ್ಚಿತ್ತು ಎಂದು ತಿಳಿದ ಮೇಲೆ ನನಗೆ ನನ್ನ ಕಾಲಿನ ಮೇಲೆ ಗೌರವ ಹೆಚ್ಚಿತು. ಡಚ್ ವೈದ್ಯ ಯೂಜೀನ್ ಡುಬ್ವಾ ಜಾವಾ ದ್ವೀಪದ ಸೋಲೋ ನದಿಯ ದಂಡೆಯಲ್ಲಿ, ಟ್ರಿನಿಲ್ ಎಂಬಲ್ಲಿ, 1891ರಲ್ಲಿ ಒಂದು ತಲೆಬುರುಡೆಯ ಮೇಲ್ಭಾಗವನ್ನೂ ಮರುವರ್ಷ ಒಂದು ತೊಡೆಮೂಳೆಯನ್ನೂ ಅಗೆಸಿ ತೆಗೆದ. ವಾನರನಿಗೂ ಮನುಷ್ಯನಿಗೂ ನಡುವಿನ ಕೊಂಡಿ ಸಿಕ್ಕಿತು ಎಂದು ಸಾರಿದ. ಆ ತೊಡೆಮೂಳೆಯ ಮೇಲ್ಭಾಗದಲ್ಲಿ ಎದ್ದು ಕಾಣುವ ಉಬ್ಬೊಂದಿದೆ. ಅದು ನನ್ನ ಗಂಟಿನ ಜಾತಿಯದಲ್ಲ. ಪೆಟ್ಟು ಬಿದ್ದು ಸ್ನಾಯುವಿನಲ್ಲಿ ಮೂಳೆ ಕಟ್ಟಿಕೊಂಡದ್ದಿರಬೇಕೆಂಬುದು ಬಹುಮಂದಿಯ ಅಭಿಪ್ರಾಯ. ಆದರೂ ನೆಂಟಸ್ತನ ಹೇಳಿಕೊಳ್ಳಲು ಅಷ್ಟು ಸಾಕು.

1895ರ ಸೆಪ್ಟೆಂಬರಿನಲ್ಲಿ ಲೈಡನ್ನಿನಲ್ಲಿ ಪ್ರಾಣಿಶಾಸ್ತ್ರಜ್ಞರ ಸಮ್ಮೇಳನ ನಡೆಯಿತು. ಜರ್ಮನಿಯ ವೈದ್ಯಪಿತಾಮಹ ರುಡಾಲ್ಫ್ ವಿರ್ಶೋ ಎದ್ದುನಿಂತು, ಇಂಥ ಗಾಯ ವಾಸಿಯಾಗಬೇಕಾದರೆ ಯಾರಾದರೂ ಕೂತು ಆರೈಕೆ ಮಾಡಿರಲೇಬೇಕು, ಆದ್ದರಿಂದ ಇದು ಮನುಷ್ಯನದೇ ಎಂದ. ಆಗ ಅಮೆರಿಕದ ಒಥ್ನೀಲ್ ಮಾರ್ಷ್ ಕಾಡುಕೋತಿಗಳ ತೊಡೆಮೂಳೆಗಳನ್ನು ಮುಂದಿಟ್ಟನಂತೆ. ಅವುಗಳಲ್ಲೂ ಅಂಥದೇ ಉಬ್ಬು, ಆಸ್ಪತ್ರೆಯ ಹಂಗಿಲ್ಲದೆ ವಾಸಿಯಾದದ್ದು. ಈ ಪ್ರಸಂಗವನ್ನು ಬರೆದಿಟ್ಟವನು ಅರ್ನ್ಸ್ಟ್ ಹೆಕೆಲ್. ಗುರು ವಿರ್ಶೋ ಜೊತೆ ಅವನಿಗೆ ಹಳೆಯ ಜಗಳವಿದ್ದುದರಿಂದ ರುಚಿಕಟ್ಟಾಗಿಯೇ ಬರೆದಿದ್ದಾನೆ. ಆ ತೊಡೆಮೂಳೆ ಮತ್ತು ತಲೆಬುರುಡೆ ಒಂದೇ ಬಗೆಯ ಜೀವಿಯವೋ ಅಲ್ಲವೋ ಎಂಬ ತಕರಾರು ಇನ್ನೂ ಪೂರ್ತಿ ತೀರಿಲ್ಲ.

ಆ ಸಭೆ ಮುಗಿದ ಎರಡು ತಿಂಗಳೊಳಗೆ, ನವೆಂಬರ್ 8ರಂದು, ವುರ್ಟ್ಸ್‌ಬರ್ಗ್‌ನ ಪ್ರಯೋಗಶಾಲೆಯಲ್ಲಿ ರಾಂಟ್‌ಜೆನ್ ಎಕ್ಸ್ ಕಿರಣಗಳನ್ನು ಕಂಡ. ಅಲ್ಲಿಯವರೆಗೆ ಮೂಳೆಯ ಉಬ್ಬನ್ನು ಕಣ್ಣಾರೆ ನೋಡಬೇಕಾದರೆ ಮನುಷ್ಯ ಸತ್ತಿರಬೇಕಿತ್ತು, ಇಲ್ಲವೇ ಕತ್ತಿಗೆ ಕಾಲು ಒಡ್ಡಬೇಕಿತ್ತು. ನಡೆದಾಡುವವನ ಗಂಟನ್ನು ವೈದ್ಯರು ತಡವಿ ಊಹಿಸುತ್ತಿದ್ದರು. ನಮ್ಮಜ್ಜಿಯೂ ಡಾಕ್ಟರೂ ಹೇಳಿದ ಮಾತು ಒಂದೇ ಆದರೂ ಬೆಲೆ ಒಂದೇ ಅಲ್ಲ. ಅಜ್ಜಿ ಧೈರ್ಯದಿಂದ ಬಿಟ್ಟರು, ಡಾಕ್ಟರು ನೋಡಿ ಬಿಟ್ಟರು.

ಬಿಟ್ಟ ಗಂಟಿನ ಜೊತೆ ಸಂಸಾರ ಕಷ್ಟದ್ದೇನಲ್ಲ. ಮಗ್ಗುಲಾಗಿ ಮಲಗಿದರೆ ಬಲ ಮಂಡಿ ಬಂದು ಒತ್ತುತ್ತದೆ, ಅದಕ್ಕೆ ನಡುವೆ ಒಂದು ದಿಂಬು. ಸೈಕಲ್ಲು ಹತ್ತುವಾಗ ಕಂಬಿಗೆ ತಾಗಿದರೆ ಎಲ್ಲ ದೇವರೂ ನೆನಪಾಗುತ್ತಾರೆ. ಚಕ್ಕಳಮಕ್ಕಳ ಹಾಕುವಾಗ ಸ್ನಾಯುವಿನ ಹುರಿಯೊಂದು ಅದರ ಮೇಲೆ ಜಾರಿ ಟಕ್ಕೆನ್ನುತ್ತದೆ. ಮದುವೆಯ ಪಂಕ್ತಿಯಲ್ಲಿ ಪಕ್ಕದವರು ತಮ್ಮ ಎಲೆಯ ಹಪ್ಪಳ ನೋಡಿಕೊಂಡದ್ದಿದೆ. ನೋವು ಕೊಟ್ಟರೆ, ನರವನ್ನೋ ರಕ್ತನಾಳವನ್ನೋ ಒತ್ತಿದರೆ ತೆಗೆಸಬಹುದು. ಆದರೆ ಎಳೆಯ ವಯಸ್ಸಿನಲ್ಲಿ ಕೈಹಾಕಿದರೆ ಬೆಳೆಯುವ ಪದರಕ್ಕೇ ಏಟು ಬೀಳಬಹುದು, ಗಂಟು ಮರಳಿಯೂ ಬರಬಹುದು. ಆದ್ದರಿಂದ ಕಾಯುವುದೇ ರೂಢಿ. ಕೆಲವು ಮನೆತನಗಳಲ್ಲಿ ಜೀನಿನ ದೋಷದಿಂದ ಮೈಯೆಲ್ಲ ಇಂಥ ಗಂಟುಗಳಾಗಿ ಕೈಕಾಲು ಸೊಟ್ಟಗಾಗುವುದುಂಟು. ಅವರ ಮುಂದೆ ನಾನು ನನ್ನ ಒಂಟಿ ಗಂಟಿನ ತಮಾಷೆ ಮಾಡಲಾರೆ.

ಈಚೆಗೆ ಎದುರುಮನೆಯ ಹುಡುಗನ ಮಂಡಿಯಲ್ಲೂ ಒಂದು ಕಾಣಿಸಿಕೊಂಡಿತು. ಎಕ್ಸ್‌ರೇ ಆಗಿ, ಡಾಕ್ಟರು "ಬಿಡಿ" ಎಂದ ಮೇಲೆ ಅವನ ತಾಯಿ ಅನುಭವಸ್ಥನೆಂದು ನನ್ನ ಬಳಿ ಬಂದರು. "ಏನೂ ಮಾಡೋದೇ ಬೇಡ್ವಾ, ಅಂಕಲ್?"

"ಬೇಡಮ್ಮ. ನೋವು ಬಂದರೆ, ಪಾದ ಜೋಮು ಹಿಡಿದರೆ, ಇವನು ಬೆಳೆದು ನಿಂತ ಮೇಲೂ ಅದು ಬೆಳೀತಾ ಹೋದರೆ ತಕ್ಷಣ ತೋರಿಸಿ. ಒಂಟಿ ಗಂಟು ಕೆಡೋದು ತೀರಾ ಅಪರೂಪ, ಆದರೂ ಕಣ್ಣಿಟ್ಟಿರಬೇಕು."

"ಅಷ್ಟೇನಾ?"

ಅಷ್ಟೇ ಎಂದು ಹೇಳುವ ಹಂತಕ್ಕೆ ಬರಲು ವೈದ್ಯವಿದ್ಯೆ ಎಷ್ಟು ದೂರ ನಡೆದಿದೆ ಎಂದು ಜಾವಾದಿಂದಲೇ ಶುರುಮಾಡಿದೆ. ಹುಡುಗ ಅಷ್ಟರಲ್ಲಿ ಬ್ಯಾಟು ಹಿಡಿದು ಗೇಟು ದಾಟಿದ್ದ. ನಾನು ಹೇಳಬೇಕೆಂದಿದ್ದುದನ್ನು ನಮ್ಮಿಬ್ಬರಿಗಿಂತ ಮೊದಲು ಅರ್ಥ ಮಾಡಿಕೊಂಡವನು ಅವನೇ.