ಗೆರೆ ಇಲ್ಲದ ನೀರು

ಅಂಡಮಾನಿನಲ್ಲಿ ಗಡಿಯಾರ ಭಾರತದ್ದು, ಸೂರ್ಯ ಮಾತ್ರ ಬರ್ಮಾ ಕಡೆಯವನು. ಸ್ವರಾಜ್ ದ್ವೀಪದ, ಅಂದರೆ 2018ರವರೆಗಿನ ಹ್ಯಾವ್‌ಲಾಕಿನ, ದಡದಲ್ಲಿ ಬೆಳಗಿನ ಐದೂವರೆಗೆಲ್ಲ ಈಜು ಶಿಬಿರದವರು ನೀರಿಗಿಳಿಯಲು ನಿಂತಿದ್ದರು. ಅವರಲ್ಲೊಬ್ಬರು ಪುಣೆಯ ಬ್ಯಾಂಕ್ ಉದ್ಯೋಗಿ, ಶಿರಸಿ ಕಡೆಯವರು. ವಯಸ್ಸು 52. "ಹೊಳೆ ಕಡೆ ಹೋಗಡ" ಎಂಬ ಮಾತು ಕೇಳುತ್ತಲೇ ಬೆಳೆದ ಅವರು ಈಜು ಕಲಿತದ್ದು 46ಕ್ಕೆ, ಈಜುಕೊಳದಲ್ಲಿ.

ಕೊಳದ ತಳದಲ್ಲಿ ಒಂದು ಕಪ್ಪು ಗೆರೆ ಇರುತ್ತದೆ. ಆರು ವರ್ಷ ಅದನ್ನೇ ನೋಡುತ್ತ ಈಜಿದ್ದರು. ಇಲ್ಲಿ ಮೊದಲು ಮರಳು ಕಂಡಿತು, ಆಮೇಲೆ ಹವಳ, ಆಮೇಲೆ ಬರೀ ನೀಲಿ. ಎದೆ ಬಿಗಿಯಿತು. 2010ರಲ್ಲಿ ಇದೇ ದ್ವೀಪದಲ್ಲಿ ಮೊಸಳೆ ಪ್ರವಾಸಿಯೊಬ್ಬಳನ್ನು ಕೊಂದದ್ದು ಆಗಲೇ ನೆನಪಾಗಬೇಕೇ? ಸೊಂಟಕ್ಕೆ ಕಟ್ಟಿದ್ದ ಕಿತ್ತಳೆ ಬಣ್ಣದ ಗಾಳಿಚೀಲವನ್ನು ತಬ್ಬಿಕೊಂಡರು.

ಕಯಾಕಿನಿಂದ ತರಬೇತಿಯ ಹುಡುಗ ಹಿಂದಿಯಲ್ಲಿ ಕೂಗಿದ: "ಮೇಡಂ, ಮೊದಲು ಉಸಿರು ಬಿಡಿ!" ಗಾಬರಿಯಾದವರು ಉಸಿರು ಎಳೆದುಕೊಳ್ಳುತ್ತಲೇ ಇರುತ್ತಾರೆ, ಬಿಡುವುದನ್ನು ಮರೆಯುತ್ತಾರೆ. ಮುಖ ನೀರಿಗಿಟ್ಟು ಗುಳುಗುಳು ಬಿಟ್ಟರು. ಮತ್ತೆ ಬಿಟ್ಟರು. ಆಮೇಲೆ ಏಳೆಂಟು ಸಲ ಕೈ ಬೀಸಿದ ಮೇಲೊಮ್ಮೆ ಕಣ್ಣಷ್ಟೇ ನೀರಿನ ಮೇಲೆತ್ತಿ, ದಡದ ಒಂದು ಮರವನ್ನು ಗುರಿ ಇಟ್ಟುಕೊಂಡು ಹೊರಟರು. ಹೀಗೆ ನೋಡುವುದಕ್ಕೆ ಈಜುಗಾರರು ಇಟ್ಟ ಹೆಸರೂ ಮೊಸಳೆಗಣ್ಣು!

ಹೆಸರು ಕೊಟ್ಟದ್ದು ಎರಡು ಕಿಲೋಮೀಟರಿಗೆ. 800 ಮೀಟರಿಗೇ ದಡ ಹತ್ತಿದರು.

ಸಂಜೆ ಊರಿನಿಂದ ಫೋನು. "ಸಮುದ್ರ ಅದು, ನೀರಿಗೆ ಇಳಿಯಡ ಮತ್ತೆ."

"ಇಲ್ಲೆ, ಆಯಿ" ಎನ್ನುವಾಗ ಕಿವಿಯೊಳಗೆ ಉಳಿದಿದ್ದ ನೀರು ಬೆಚ್ಚಗೆ ಕುತ್ತಿಗೆಗೆ ಇಳಿಯಿತು.