ಮಾತಾಡದ ದೇವರ ಬೂಟು

“ಹುಡುಗ ಬುದ್ಧಿವಂತ, ಆದರೆ ತರಗತಿಯಲ್ಲಿ ಬಾಯೇ ಬಿಡುವುದಿಲ್ಲ” ಎಂದರು ಟೀಚರು. ಒಂದನೇ ಕ್ಲಾಸಿನಿಂದ ಏಳನೆಯದರವರೆಗೂ ಇದೇ ದೂರು. ಮನೆಗೆ ಬರುವ ದಾರಿಯುದ್ದಕ್ಕೂ ಮಗನನ್ನು ಗದರಿದೆ. ಅವನು ಆಗಲೂ ಮಾತಾಡಲಿಲ್ಲ.

ರಾತ್ರಿ ನಿದ್ದೆ ಬಾರದೆ, ಅವನು ಲೈಬ್ರರಿಯಿಂದ ತಂದಿದ್ದ ಉತ್ತರ ಯುರೋಪಿನ ಪುರಾಣಕಥೆಗಳ ಪುಸ್ತಕ ಹಿಡಿದೆ. ಓಡಿನ್, ಥಾರ್ ಮುಂತಾದ ದೊಡ್ಡ ದೇವರುಗಳ ಗದ್ದಲವೇ ಅದರಲ್ಲಿ ಹೆಚ್ಚು. ನನಗೆ ಹಿಡಿಸಿದ್ದು ಮೂಲೆಯಲ್ಲಿ ನಿಂತವರು. ಎಲ್ಫ್ ಎಂದರೆ ಚೂಪು ಕಿವಿಯ ಕುಳ್ಳರು ಎಂದುಕೊಂಡಿದ್ದೆ. ಹಳೆಯ ಕಥೆಗಳ ಬೆಳಕಿನ ಎಲ್ಫ್‌ಗಳಾದರೋ ಸೂರ್ಯನಿಗಿಂತ ಚೆಲುವರು. ಅವರ ಲೋಕವನ್ನೇ ಫ್ರೇಯರ್ ಎಂಬ ದೇವರಿಗೆ ಮೊದಲ ಹಲ್ಲು ಬಂದಾಗ ಉಡುಗೊರೆ ಕೊಟ್ಟರಂತೆ! ನಾವೋ, ಒಂದು ಬೆಳ್ಳಿ ಲೋಟ ಕೊಟ್ಟು ಬೀಗುವವರು.

ಆಮೇಲೆ ಸಿಕ್ಕವನು ವಿದಾರ್, ಓಡಿನ್‌ನ ಮಗ. 1220ರ ಸುಮಾರಿಗೆ ಈ ಕಥೆಗಳನ್ನು ಬರೆದಿಟ್ಟ ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ ಇವನನ್ನು ಪರಿಚಯಿಸುವುದೇ ‘ಮೌನಿ ದೇವರು’ ಎಂದು. ಬಲದಲ್ಲಿ ಹೆಚ್ಚುಕಡಿಮೆ ಥಾರ್‌ನ ಸಮ. ಕಷ್ಟಕಾಲಕ್ಕೆ ದೇವತೆಗಳು ನೆಚ್ಚುವುದು ಇವನನ್ನು. ವಾಸ ಮಾತ್ರ ಪೊದೆ, ಎತ್ತರದ ಹುಲ್ಲು ಬೆಳೆದ ಬಯಲಿನಲ್ಲಿ.

ಇವನಿಗೊಂದು ದಪ್ಪ ಬೂಟಿದೆ. ಜನ ತಮ್ಮ ಪಾದರಕ್ಷೆ ಮಾಡಿಕೊಳ್ಳುವಾಗ ಬೆರಳು, ಹಿಮ್ಮಡಿಯ ಕಡೆ ಕತ್ತರಿಸಿ ಬಿಸಾಡುತ್ತಾರಲ್ಲ, ಆ ಚರ್ಮದ ಚೂರುಗಳೇ ಯುಗಯುಗದಿಂದ ಸೇರಿ ಆದದ್ದು ಅದು. ದೇವತೆಗಳಿಗೆ ನೆರವಾಗಬೇಕೆನ್ನುವವರು ಆ ಚೂರುಗಳನ್ನು ಎಸೆಯಲೇಬೇಕು ಎನ್ನುತ್ತಾನೆ ಸ್ನೋರಿ. ರಗ್ನರಾಕ್ ಎಂಬ ಕೊನೆಯ ಯುದ್ಧದಲ್ಲಿ ಫೆನ್ರಿರ್ ತೋಳ ಓಡಿನ್‌ನನ್ನು ನುಂಗುತ್ತದೆ. ಆಗ ವಿದಾರ್ ಆ ಬೂಟುಗಾಲನ್ನು ತೋಳದ ಕೆಳದವಡೆಯ ಮೇಲೆ ಊರಿ, ಮೇಲ್ದವಡೆಯನ್ನು ಕೈಯಲ್ಲಿ ಹಿಡಿದು ಅದರ ಬಾಯನ್ನು ಸೀಳಿಹಾಕುತ್ತಾನೆ. ಥಾರ್‌ನೇ ಸಾಯುವ ಯುದ್ಧದಲ್ಲಿ ಇವನು ಬದುಕಿ ಉಳಿಯುತ್ತಾನೆ.

ಬೆಳಿಗ್ಗೆ ಮಗ ಶೂ ಲೇಸು ಕಟ್ಟುತ್ತಿದ್ದ. ಗದರಿದ್ದು ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಈ ಕಥೆ ಹೇಳಿದೆ. ಅವನಿಗದು ಗೊತ್ತಿದ್ದದ್ದೇ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಬೂಟು ಯಾವ ಕಾಲಿಗೆ, ಅಪ್ಪ?” ಎಂದ.

ಸ್ನೋರಿ ‘ಒಂದು ಕಾಲು’ ಎಂದಷ್ಟೇ ಬರೆದಿದ್ದಾನೆ. ನಾನು ಬಲಗಾಲು ಎಂದೆ. ಅಲ್ಲವೇ ಅಲ್ಲ, ಚೆಂಡು ಒದೆಯುವುದು ಬಲಗಾಲಾದರೂ ಊರಿ ನಿಲ್ಲುವುದು ಎಡಗಾಲು ಎಂದು ಅವನ ವಾದ. ಸ್ಕೂಲ್ ಬಸ್ಸು ಬಂದು ಹಾರನ್ ಹೊಡೆಯುತ್ತಿದ್ದರೂ ಮಾತು ನಿಲ್ಲಿಸಲಿಲ್ಲ.