ಸಂಜೆಗೆ ಮರಳುವ ಊರು

ಅಡುಗೆಮನೆಯ ಕಟ್ಟೆ, ಗುಡಿಯ ಮೆಟ್ಟಿಲು, ಬಹಳವೆಂದರೆ ಮಾಳಿಗೆಯ ಏಣಿ. ಇಷ್ಟು ಬಿಟ್ಟರೆ ಬೇರೇನನ್ನೂ ಹತ್ತಿ ಗೊತ್ತಿಲ್ಲದ ನಾನು, ಅರವತ್ತೊಂದನೆಯ ವಯಸ್ಸಿನಲ್ಲಿ ಸ್ಪೇನ್ ದೇಶದ ಬೆಟ್ಟದಲ್ಲಿ ನಡೆದಾಡಿ ಬಂದೆ ಎಂದರೆ ನೀವು ನಗುತ್ತೀರಿ. ನಗಿರಿ, ಬೇಸರವಿಲ್ಲ. ನಮ್ಮ ಓಣಿಯವರೆಲ್ಲ ನಕ್ಕಾಗಿದೆ. "ಗುಡ್ಡ ನೋಡಲಿಕ್ಕೆ ಅಷ್ಟು ದೂರ ಯಾಕ್ರೀ, ಕಪ್ಪತಗುಡ್ಡ ಇಲ್ಲೇ ಇತ್ತಲ್ಲ" ಎಂದರು ಎದುರುಮನೆ ಕಾಕೂ. ಮಾತು ಖರೆ. ಗದಗಿನ ಸೊಸೆಯಾಗಿ ಮೂವತ್ತೆಂಟು ವರ್ಷವಾದರೂ ಕಪ್ಪತಗುಡ್ಡವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೆನೇ ಹೊರತು ಒಂದು ಹೆಜ್ಜೆ ಹತ್ತಿರಲಿಲ್ಲ.

ನಮ್ಮ ಪುಟ್ಟಿ ಜರ್ಮನಿಯಲ್ಲಿ ಕೆಲಸದಲ್ಲಿದ್ದಾಳೆ. ಮೂವತ್ತಾರು ವರ್ಷದವಳನ್ನು ಪುಟ್ಟಿ ಎಂದು ಕರೆಯುವುದು ತಾಯಂದಿರಿಗೇ ಸಾಧ್ಯ, ಇರಲಿ. ಒಬ್ಬಳೇ ಇದ್ದಾಳೆ. ರಜೆ ಸಿಕ್ಕರೆ ಬೆನ್ನಿಗೊಂದು ಚೀಲ ಏರಿಸಿ ಯಾವುದೋ ಬೆಟ್ಟಕ್ಕೆ ಹೋಗಿಬಿಡುತ್ತಾಳೆ. ಹೋದ ವರ್ಷ ಸೆಪ್ಟೆಂಬರಿನಲ್ಲಿ ನಾನು ಅವಳ ಮನೆಗೆ ಹೋಗಿದ್ದಾಗ, "ಅವ್ವಾ, ಈ ಸಲ ನೀನೂ ಬಾ" ಎಂದಳು. ನನ್ನ ಮೊಣಕಾಲಿನ ಕಥೆ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆಗ ಅವಳು ಹೇಳಿದ್ದು ಕೇಳಿ. ಬೆಟ್ಟದ ನಡಿಗೆ ಎಂದರೆ ಇವತ್ತಿಲ್ಲಿ ನಾಳೆ ಅಲ್ಲಿ ಎಂದು ಗಂಟು ಹೊತ್ತುಕೊಂಡು ಗುಡಾರದಲ್ಲಿ ಮಲಗುವುದೇ ಆಗಬೇಕಿಲ್ಲವಂತೆ. ಬೆಟ್ಟದ ಮಗ್ಗುಲಲ್ಲಿ ಒಂದು ಹಳ್ಳಿ ನೋಡಿಕೊಳ್ಳುವುದು, ಅಲ್ಲೊಂದು ಮನೆ ಬಾಡಿಗೆಗೆ ಹಿಡಿಯುವುದು. ದಿನಾ ಬೆಳಿಗ್ಗೆ ಆದಷ್ಟು ದೂರ ನಡೆಯುವುದು, ಸಂಜೆಗೆ ಅದೇ ಮನೆಗೆ ಬಂದು ಅನ್ನ ಮಾಡಿಕೊಂಡು ಉಣ್ಣುವುದು. "ಮನಿಯೊಳಗ ಅಡಿಗಿಮನಿ ಇರ್ತದೇನು?" ಎಂದು ಕೇಳಿದೆ. ಇರುತ್ತದೆ ಎಂದಳು. ಮತ್ತೇನು, ಒಪ್ಪಿದೆ. (ಜರ್ಮನಿಗೆ ಹೋಗಲು ಪಡೆದ ಷೆಂಗೆನ್ ವೀಸಾವೇ ಸ್ಪೇನಿಗೂ ನಡೆಯುತ್ತದೆ. ಮಕ್ಕಳು ಆ ಕಡೆ ಇರುವವರು ನೆನಪಿಟ್ಟುಕೊಳ್ಳಿ.)

ಸ್ಪೇನಿನ ದಕ್ಷಿಣದಲ್ಲಿ ಗ್ರಾನಡಾ ಎಂಬ ನಗರ. ಅದರ ಆಚೆಗೆ ಸಿಯೆರಾ ನೆವಾಡಾ ಎಂಬ ಪರ್ವತಸಾಲು. ಹಾಗೆಂದರೆ ಹಿಮದ ಬೆಟ್ಟ ಎಂದೇ ಅರ್ಥ. ಅದರ ದಕ್ಷಿಣದ ಇಳಿಜಾರಿಗೆ ಅಲ್ಪುಹಾರಾ ಎನ್ನುತ್ತಾರೆ. ಅಲ್ಲಿ ಪೊಕೇರಾ ಎಂಬ ಹೊಳೆಯ ಕಣಿವೆಯಲ್ಲಿ ಒಂದರ ಮೇಲೊಂದು ಮೂರು ಹಳ್ಳಿಗಳು: ಕೆಳಗೆ ಪಂಪನೇರಾ, ನಡುವೆ ಬುಬಿಯೊನ್, ಮೇಲೆ ಕಪಿಲೇರಾ. ನಾವಿದ್ದದ್ದು ಕಪಿಲೇರಾದಲ್ಲಿ. ಹೆಸರು ಕೇಳಿ ಮೇಲಿನದು ಕಪಿಗಳ ಊರು, ಕೆಳಗಿನದು ಪಂಪನ ಊರು ಎಂದು ಗುರುತು ಇಟ್ಟುಕೊಂಡೆ. ಪುಟ್ಟಿ ನಕ್ಕೂ ನಕ್ಕೂ ಸುಸ್ತಾದಳು. ಕಪಿಲೇರಾ ಸಮುದ್ರಮಟ್ಟದಿಂದ 1400 ಮೀಟರಿಗೂ ಮೇಲಿದೆ. ನಮ್ಮ ಮುಳ್ಳಯ್ಯನಗಿರಿ 1930 ಮೀಟರ್ ಎಂದು ನೆನೆದರೆ ಲೆಕ್ಕ ಸಿಗುತ್ತದೆ. ಗ್ರಾನಡಾದಿಂದ ಬಸ್ಸಿನಲ್ಲಿ ಎರಡೂವರೆ ತಾಸು. ಓರ್ಹಿವಾ ಎಂಬ ಪೇಟೆ ದಾಟಿದ ಮೇಲೆ ಬರೀ ತಿರುವು. ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿ ಕೂತವಳು, ಬಸ್ಸು ನಿಂತ ಮೇಲೆಯೇ ಕಣ್ಣು ತೆಗೆದದ್ದು.

ತೆಗೆದರೆ ಏನು ಕಾಣಬೇಕು! ಮೇಲ್ಮುದ್ದೆಯ ಮನೆಗಳು!

ನಿಮ್ಮಲ್ಲಿ ನಮ್ಮ ಕಡೆಯವರಿದ್ದರೆ ಗೊತ್ತು, ಹೆಂಚಿಲ್ಲದ, ಮೇಲೆ ಮಣ್ಣು ಹಾಕಿ ಬಡಿದ ಚಪ್ಪಟೆ ಮಾಳಿಗೆ. ನನ್ನ ತವರು ಅಂಥದೇ ಮನೆ. ಇಲ್ಲಿಯೂ ತೊಲೆಗಳ ಮೇಲೆ ಚಪ್ಪಡಿಕಲ್ಲು ಹಾಸಿ, ಅದರ ಮೇಲೆ ಲೌನಾ ಎಂಬ ಬೂದುಬಣ್ಣದ ಜೇಡಿ ಹರಡುತ್ತಾರೆ. ನೀರು ಇಳಿಯಗೊಡದ ಮಣ್ಣು. ಗೋಡೆಗೆ ಬೆಳ್ಳನೆ ಸುಣ್ಣ, ಮೇಲೆ ಟೊಪ್ಪಿಗೆ ಹಾಕಿಕೊಂಡಂಥ ಹೊಗೆಗೂಡು. ಒಂದು ಮನೆಯ ಮಾಳಿಗೆ ಹಿಂದಿನ ಮನೆಯ ಅಂಗಳದ ಮಟ್ಟಕ್ಕೆ ಬರುತ್ತದೆ. ಅದರ ಮೇಲೆ ಮೆಣಸಿನಕಾಯಿ ಒಣಗಿಸುತ್ತಾರೆ. ಬ್ಯಾಡಗಿಯಷ್ಟು ಕೆಂಪಿಲ್ಲ, ಆದರೂ ಕಂಡು ಜೀವಕ್ಕೆ ಹಿತವಾಯಿತು. ಒಳಗೆ ನೆಲಕ್ಕೆ ಹಾಸಿದ್ದು ಹರಾಪಾ, ಹಳೆ ಬಟ್ಟೆಯ ಚೂರುಗಳನ್ನು ಉದ್ದುದ್ದ ಸೀಳಿ ಮಗ್ಗದಲ್ಲಿ ನೇಯ್ದ ಜಮಖಾನೆ. ನಮ್ಮ ಕೌದಿಗೆ ಸೂಜಿ, ಅವರ ಹರಾಪಾಕ್ಕೆ ಮಗ್ಗ, ಅಷ್ಟೇ ಭೇದ. ಹಳೆ ಬಟ್ಟೆ ಎಸೆಯಲು ಮನಸ್ಸು ಬಾರದ ಹೆಂಗಸರು ಎಲ್ಲ ದೇಶದಲ್ಲೂ ಇದ್ದಾರೆ ನೋಡಿ.

ಮೊದಲ ದಿನವೇ ಪುಟ್ಟಿ ಒಂದು ನಿಯಮ ಹೇಳಿದಳು. "ಎಲ್ಲಿಗೇ ಹೊರಡಲಿ, ತಿರುಗಿ ಬರೂ ಹೊತ್ತು ಮೊದಲ ಗೊತ್ತು ಮಾಡಿಕೋಬೇಕು. ಆ ಹೊತ್ತಿಗೆ ಮುಟ್ಟಲಿಲ್ಲಂದ್ರ ಅಲ್ಲಿಂದನ ವಾಪಸ್. ಇನ್ನ ಸ್ವಲ್ಪೇ ಅದ, ಹೋಗೇಬಿಡೂಣು ಅನ್ನಬಾರದು. ತಿರುಗಿ ಬರೋದು ನಾಚಿಕಿ ವಿಷಯ ಅಲ್ಲ ಅವ್ವಾ."

ಅವಳು ನಕ್ಷೆ ನೋಡುತ್ತ ಸಹಜವಾಗಿ ಆಡಿದ ಮಾತು. ನನಗೆ ಮಾತ್ರ ಎದೆಯಲ್ಲಿ ಮುಳ್ಳು ಮುರಿದಂತಾಯಿತು. ಯಾಕೆಂದು ಹೇಳುತ್ತೇನೆ.

ಎಂಟು ವರ್ಷದ ಹಿಂದೆ ಒಂದು ರಾತ್ರಿ ಹನ್ನೊಂದು ಗಂಟೆಗೆ ಇವಳ ಫೋನು ಬಂತು. ಮದುವೆಯಾಗಿ ಆಗ ಒಂದು ವರ್ಷ. "ಅವ್ವಾ, ನಾ ಮನಿಗೆ ಬರ್ತೀನಿ" ಎಂದಳು. ಕಾರಣ ಬೇಡ, ನೀವೇ ತಿಳಿದುಕೊಳ್ಳುತ್ತೀರಿ. ನಾನು ಏನೆಂದೆ? "ಹೊಂದಿಕೊಂಡು ಹೋಗವ್ವಾ. ಒಮ್ಮೆ ಹೋದ ಮನಿ ಬಿಟ್ಟು ತಿರುಗಿ ಬಂದ್ರ ಜನ ಏನಂದಾರು?" ಇವರು ಪಕ್ಕದಲ್ಲೇ ಕೂತಿದ್ದರು, ಒಂದು ಮಾತೂ ಆಡಲಿಲ್ಲ. ಆದರೆ ಫೋನು ಹಿಡಿದಿದ್ದವಳು ನಾನು. ಅವಳು ಇನ್ನೂ ಎರಡು ವರ್ಷ ಆ ಮನೆಯಲ್ಲಿ ಇದ್ದಳು. ಆಮೇಲೆ ಯಾರನ್ನೂ ಕೇಳದೆ ಹೊರಬಿದ್ದಳು. ಕೋರ್ಟು, ಕಚೇರಿ ಎಲ್ಲ ಒಬ್ಬಳೇ ಮುಗಿಸಿ ಜರ್ಮನಿಗೆ ಹೋದಳು. ಆ ರಾತ್ರಿಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮರುದಿನ ಪಂಪನೇರಾದವರೆಗೆ ಇಳಿದೆವು. ನಾಲ್ಕು ಕಿಲೋಮೀಟರಿನಷ್ಟೇ ದಾರಿ, ಆದರೆ ಇಳಿತ ಬಹಳ. ಮೊಣಕಾಲು ನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎಂಬುದು ಆವತ್ತು ತಿಳಿಯಿತು. ನೀವು ಹೋದರೆ ಎರಡು ಕೋಲು ತಪ್ಪದೆ ಹಿಡಿದುಕೊಳ್ಳಿ. ಪಂಪನೇರಾದಲ್ಲಿ ಒಂದು ಕಾರಂಜಿಯಿದೆ. ಮದುವೆಯ ಮನಸ್ಸಿಟ್ಟುಕೊಂಡು ಅದರ ನೀರು ಕುಡಿದವರಿಗೆ ತಡವಿಲ್ಲದೆ ಜೋಡಿ ಸಿಗುತ್ತದೆ ಎಂದು ಅಲ್ಲಿ ಬರೆದೇ ಹಾಕಿದ್ದಾರೆ. ಪುಟ್ಟಿ ಓದಿ ಹೇಳಿದಳು. ನಾನು ಅವಳ ಮುಖ ನೋಡಿದೆ. ಅವಳು ಚೀಲದಿಂದ ತನ್ನ ಬಾಟಲಿ ತೆಗೆದು ಕಪಿಲೇರಾದ ನೀರು ಗಟಗಟ ಕುಡಿದಳು. ಇಬ್ಬರೂ ನಕ್ಕುಬಿಟ್ಟೆವು. ಮೇಲಕ್ಕೆ ಮರಳುವಾಗ ಬಸ್ಸು ಹತ್ತಿದೆವು, ಅದರಲ್ಲೂ ನಾಚಿಕೆಯಿಲ್ಲ.

ನನಗೆ ಮನಸಾರೆ ಹಿಡಿಸಿದ್ದು ಕಾಲುವೆಗಳ ದಾರಿ. ನಾಲ್ಕು ದಿನಕ್ಕೊಮ್ಮೆ ನಳ ಬರುವ ಊರಿನಿಂದ ಹೋದವಳಿಗೆ ಹರಿಯುವ ನೀರಿಗಿಂತ ದೊಡ್ಡ ನೋಟ ಯಾವುದು? ಬೆಟ್ಟದ ಮಗ್ಗುಲನ್ನು ಸುತ್ತುತ್ತ, ತೀರ ಸಣ್ಣ ಇಳಿಜಾರಿನಲ್ಲಿ ಹೋಗುವ ಈ ಕಾಲುವೆಗಳಿಗೆ ಅಸೇಕಿಯಾ ಎನ್ನುತ್ತಾರೆ. ಅರಬ್ಬೀ ಮೂಲದ ಮಾತು. ಶತಮಾನಗಟ್ಟಲೆ ಇಲ್ಲಿ ಮುಸಲ್ಮಾನರ ಆಳಿಕೆ ಇತ್ತು, ಈ ನೀರಿನ ಏರ್ಪಾಡು ಆ ಕಾಲದ್ದು. 1492ರಲ್ಲಿ ಗ್ರಾನಡಾ ಕ್ರೈಸ್ತ ರಾಜರ ಕೈಗೆ ಹೋಯಿತು. 1568ರಲ್ಲಿ ಇಲ್ಲಿಯವರು ದಂಗೆಯೆದ್ದರು. ಅದನ್ನು ಅಡಗಿಸಿ ಅವರನ್ನು ಊರು ಬಿಡಿಸಿ ಓಡಿಸಿದರು, ಉತ್ತರದ ಕಡೆಯಿಂದ ಹೊಸ ಒಕ್ಕಲು ತಂದು ಕೂರಿಸಿದರು. ಮನೆ ಕಟ್ಟುವ ರೀತಿ, ನೀರು ಹಾಯಿಸುವ ರೀತಿ ಮಾತ್ರ ಉಳಿಯಿತು. ಒಂದು ಜಾಣತನ ಕೇಳಿ. ವಸಂತದಲ್ಲಿ ಹಿಮ ಕರಗಿ ಬಂದ ನೀರನ್ನು ನೇರ ಕೆಳಗೆ ಓಡಲು ಬಿಡುವುದಿಲ್ಲ. ಕಾಲುವೆಯಲ್ಲಿ ಅಡ್ಡ ತಿರುಗಿಸಿ ಮೇಲಿನ ಇಳಿಜಾರಿನಲ್ಲೇ ನೆಲಕ್ಕೆ ಇಂಗಿಸುತ್ತಾರೆ. ಅದು ಬೆಟ್ಟದೊಳಗೆ ನಿಧಾನಕ್ಕೆ ಇಳಿದು, ಬೇಸಿಗೆಯ ಬಿರುಬಿಸಿಲಿನಲ್ಲಿ ಊರ ಬಳಿ ಬುಗ್ಗೆಯಾಗಿ ಮೇಲೇಳುತ್ತದೆ. ಬೆಟ್ಟವೇ ಅವರ ಹಗೇವು. ನಾವು ಜೋಳ ಇಟ್ಟಂತೆ ಅವರು ನೀರು ಇಟ್ಟಿದ್ದಾರೆ. ಕಾಲುವೆಯ ಪಕ್ಕದ ದಾರಿ ಸಮತಟ್ಟು, ಮೇಲೆ ಚೆಸ್ಟ್‌ನಟ್ ಮರಗಳ ನೆರಳು. ಒಂದು ಕಡೆ ಬಂಡೆಯ ಮೇಲೆ ಕಾಡುಮೇಕೆಯೊಂದು, ಬಾಗಿದ ಕೊಂಬಿನದು, ನಮ್ಮನ್ನೇ ನೋಡುತ್ತ ನಿಂತಿತ್ತು.

ನಾಲ್ಕನೆಯ ದಿನ ಕಣಿವೆಯ ಮೇಲ್ತುದಿಯ ಲಾ ಸೆಬದೀಯಾಕ್ಕೆ ಹೊರಟೆವು. ವಿದ್ಯುತ್ ಕೇಂದ್ರದ ಕೆಲಸಗಾರರಿಗಾಗಿ ಕಟ್ಟಿದ ಕೇರಿ, ಈಗ ಪಾಳು. ದಾರಿಯಲ್ಲಿ ನನ್ನ ಕಾಲು ಹಟ ಹಿಡಿಯಿತು. ಪುಟ್ಟಿ ಕೈಗಡಿಯಾರ ನೋಡಿದಳು. "ಅವ್ವಾ, ಸಾಕು. ತಿರುಗೂಣು." "ಇನ್ನ ಸ್ವಲ್ಪೇ ಅದ" ಎಂದೆ. ಬಾಯಿಂದ ಬಂದ ಮೇಲೆ ನನಗೇ ನಗು ಬಂತು. ಒಂದು ಕಲ್ಲಿನ ಮೇಲೆ ಕೂತು ಚಪಾತಿ, ಶೇಂಗಾ ಚಟ್ನಿ ತಿಂದು ಹಿಂತಿರುಗಿದೆವು. ಆ ಪಾಳು ಕೇರಿ ನಾನು ನೋಡಲೇ ಇಲ್ಲ.

ಐದನೆಯ ದಿನ ಪುಟ್ಟಿ ಒಬ್ಬಳೇ ಮುಲಾಸೆನ್ ಶಿಖರಕ್ಕೆ ಹೋದಳು. ಸುಮಾರು 3480 ಮೀಟರ್. ಸ್ಪೇನ್ ಪೋರ್ಚುಗಲ್ ಎರಡನ್ನೂ ಕೂಡಿಸಿದ ಆ ಪರ್ಯಾಯ ದ್ವೀಪದಲ್ಲೇ ಅತಿ ಎತ್ತರದ್ದು. ಗ್ರಾನಡಾದ ಒಬ್ಬ ಸುಲ್ತಾನನನ್ನು ಅಲ್ಲಿ ಹೂಳಿದ್ದಾರೆ ಎಂದು ಪ್ರತೀತಿ, ಅವನದೇ ಹೆಸರು. ಬೇಸಿಗೆಯ ದಿನಗಳಲ್ಲಿ ರಾಷ್ಟ್ರೀಯ ಉದ್ಯಾನದ ಸಣ್ಣ ಬಸ್ಸು ಕಪಿಲೇರಾದಿಂದ 2700 ಮೀಟರಿನವರೆಗೆ ಒಯ್ದು ಬಿಡುತ್ತದೆ, ಮುಂದೆ ಕಾಲ್ನಡಿಗೆ. "ಸಂಜಿ ಆಗ್ತದ, ದಾರಿ ಕಾಯಬ್ಯಾಡ" ಎಂದು ಹೋದಳು. ಕಾಯದೆ ಇರುವುದುಂಟೇ?

ಹೊತ್ತು ಹೋಗಲೆಂದು ಮನೆಯೊಡತಿಯ ಅಡುಗೆಮನೆಗೆ ಹೋಗಿ ಕೂತೆ. ಅವರಿಗೆ ನನ್ನ ಮಾತು ತಿಳಿಯದು, ನನಗೆ ಅವರದು. ಈಳಿಗೆಯೋ ಚಾಕುವೋ, ಉಳ್ಳಾಗಡ್ಡಿಯೋ ಬಟಾಟೆಯೋ, ಇದಕ್ಕೆಲ್ಲ ಭಾಷೆ ಯಾಕೆ? ಅವರು ಕಲಿಸಿದ್ದು "ಪಾಪಾಸ್ ಆ ಲೊ ಪೊಬ್ರೆ". ಹಾಗೆಂದರೆ ಬಡವರ ಬಟಾಟೆ. ನಾಲ್ಕು ಬಟಾಟೆ ಸಿಪ್ಪೆ ತೆಗೆದು ತೆಳ್ಳಗೆ ಬಿಲ್ಲೆ ಹೆಚ್ಚಿ. ಎರಡು ಉಳ್ಳಾಗಡ್ಡಿ, ಎರಡು ಡೊಣ್ಣಮೆಣಸಿನಕಾಯಿ ಉದ್ದಕ್ಕೆ ಸೀಳಿ. ನಾಲ್ಕೈದು ಎಸಳು ಬೆಳ್ಳುಳ್ಳಿ ಜಜ್ಜಿ. ಅಗಲ ಬಾಣಲೆಯಲ್ಲಿ ಧಾರಾಳ ಎಣ್ಣೆ (ಅವರದು ಆಲಿವ್ ಎಣ್ಣೆ, ನಮಗೆ ಶೇಂಗಾ ಎಣ್ಣೆಯೂ ನಡೆಯುತ್ತದೆ) ಕಾಯಿಸಿ ಎಲ್ಲ ಹಾಕಿ, ಉಪ್ಪು ಉದುರಿಸಿ, ಮುಚ್ಚಿ ಸಣ್ಣ ಉರಿಯಲ್ಲಿ ಅರ್ಧ ತಾಸು ಬಿಡಿ. ಗರಿಗರಿ ಆಗಬಾರದು, ಮೆತ್ತಗೆ ಬೇಯಬೇಕು. ಆಗಾಗ ಮೆಲ್ಲಗೆ ಮಗುಚಿ. ಕೊನೆಗೆ ಎಣ್ಣೆ ಬಸಿದು ತೆಗೆಯಿರಿ. ಅವರು ಮೇಲೊಂದು ತತ್ತಿ ಕರಿದು ಇಡುತ್ತಾರೆ, ನಾನು ಚಟ್ನಿಪುಡಿ ಉದುರಿಸಿದೆ.

ಮಧ್ಯಾಹ್ನಕ್ಕೆ ಗಾಳಿ ಎದ್ದಿತು. ನಮ್ಮ ಬಾಗಿಲು ಧಡಧಡ ಬಡಿಯತೊಡಗಿತು. ಊರಲ್ಲೇ ಹೀಗಾದರೆ ಮೇಲೆ ಹೇಗೋ ಎಂದು ಹೊಟ್ಟೆ ತೊಳಸಿತು. ಬಸ್ಸು ನಿಲ್ಲುವಲ್ಲಿಗೆ ಎರಡು ಸಲ ಹೋಗಿ ಬಂದೆ. ನಾಲ್ಕಕ್ಕೆ ಒಲೆ ಹೊತ್ತಿಸಿ ಬಟಾಟೆ ಇಟ್ಟೆ, ಕೈಗೆ ಕೆಲಸ ಬೇಕಲ್ಲ.

ನಾಲ್ಕೂವರೆಗೆ ಬಾಗಿಲಲ್ಲಿ ಪುಟ್ಟಿ. ಕೂದಲೆಲ್ಲ ಕೆದರಿತ್ತು, ತುಟಿ ಒಡೆದಿತ್ತು.

"ಇಷ್ಟ ಲಗೂನ? ಮುಟ್ಟಿದ್ಯೇನು?"

"ಇಲ್ಲವ್ವಾ. ಮ್ಯಾಲೆ ಗಾಳಿ ಬಾಳ ಇತ್ತು. ತುದಿ ಕಾಣ್ತಿತ್ತು. ಆದ್ರೂ ತಿರುಗಿ ಬಂದೆ. ಕೆಳಗ ಮನಿ ಇತ್ತಲ್ಲ."

ಅವಳು ಬೂಟಿನ ದಾರ ಬಿಚ್ಚುತ್ತ ಹೊಸ್ತಿಲ ಬಳಿ ಕೂತಿದ್ದಳು. ನಾನು ಒಲೆಯ ಕಡೆ ಮುಖ ಮಾಡಿ ನಿಂತಿದ್ದೆ. ಹಾಗೆ ನಿಂತೇ ಹೇಳಿದೆ, ತಿರುಗಿ ನೋಡುವ ಧೈರ್ಯ ಇರಲಿಲ್ಲ.

"ಅವತ್ತು ಫೋನಿನ್ಯಾಗ ನಾ ಹಂಗ ಅನಬಾರದಿತ್ತು ಪುಟ್ಟಿ. ಬಾ ಅನಬೇಕಾಗಿತ್ತು."

ಹಿಂದೆ ಬೂಟಿನ ಸದ್ದು ನಿಂತಿತು. ಬಹಳ ಹೊತ್ತು ಮಾತಿಲ್ಲ. ಹೊರಗೆ ಗಾಳಿ, ಒಳಗೆ ಬಾಣಲೆಯ ಸಪ್ಪಳ. ಆಮೇಲೆ ಎದ್ದು ಬಂದು ಪಕ್ಕದಲ್ಲಿ ನಿಂತಳು. ನನ್ನ ಕೈಯಿಂದ ಸೌಟು ತೆಗೆದುಕೊಂಡಳು.

"ಹೂಂ, ಅನಬೇಕಾಗಿತ್ತು" ಎಂದಳು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಅವ್ವಾ, ತಳ ಹಿಡೀಲಿಕ್ಕೆ ಹತ್ಯಾವ ನೋಡು, ಉರಿ ಸಣ್ಣ ಮಾಡು" ಎಂದಳು.

ಸಣ್ಣ ಮಾಡಿದೆ. ಉಪ್ಪು ಸ್ವಲ್ಪ ಕಡಿಮೆಯಾಗಿತ್ತು. ಆದರೂ ಅವಳು ಎರಡು ಸಲ ಹಾಕಿಸಿಕೊಂಡಳು.